ಬಾಕಿ ಎಂಬ ಮಾತು

ನಮ್ಮ ತಾತ ಜೀತಕ್ಕಿದ್ದವನು. ತನ್ನ ಸಾಲ ಎಷ್ಟು ಅಂತ ಅವನಿಗೆ ಕಡೆಯವರೆಗೂ ಗೊತ್ತಾಗಲಿಲ್ಲ. ಅದು ಗೊತ್ತಿದ್ದದ್ದು ಧಣಿಯ ಮನೆಯ ಪುಸ್ತಕಕ್ಕೆ ಮಾತ್ರ. ಆ ಪುಸ್ತಕದಲ್ಲಿ ಕೂಡಿದ್ದು, ಕಳೆದದ್ದು ಯಾವತ್ತೂ ತಪ್ಪಿರಲಿಲ್ಲವಂತೆ. ತಾತ ದುಡಿದು ತೀರಿಸಿದ್ದು ಮಾತ್ರ ಅದರೊಳಕ್ಕೆ ಬಂದಿರಲಿಲ್ಲ. ಲೆಕ್ಕ ತಾಳೆಯಾದ ಮಾತ್ರಕ್ಕೆ ಅದು ನ್ಯಾಯವಾಗುತ್ತದೆಯೇ? ಈ ಪ್ರಶ್ನೆ ನನಗೆ ಪುಸ್ತಕ ಓದಿ ಬಂದದ್ದಲ್ಲ.

ಅವನ ಮೊಮ್ಮಗ ನಾನು ಈಗ ಬೆಂಗಳೂರಿನಲ್ಲಿ ಲೆಕ್ಕ ತಾಳೆ ನೋಡುವ ಕೆಲಸದಲ್ಲೇ ಇದ್ದೇನೆ. ತಾಳೆ ನೋಡುವುದು ಯಂತ್ರ. ಎಐ ಏಜೆಂಟ್ ಅಂತಾರೆ. ಕರೆಂಟು, ನೀರು, ಫೋನಿನ ಬಿಲ್ಲುಗಳು ಒಂದು ಕಡೆ, ಜನ ಕಟ್ಟಿದ ಹಣದ ಬ್ಯಾಂಕ್ ಪಟ್ಟಿ ಇನ್ನೊಂದು ಕಡೆ. ಯಾವ ಹಣ ಯಾವ ಬಿಲ್ಲಿಗೆ ಅಂತ ಜೋಡಿಸಬೇಕು. ಅದಕ್ಕೆ ಏಜೆಂಟಿನ ಕೈಗೆ ಟೂಲ್‌ಗಳನ್ನು ಕೊಡುತ್ತಾರೆ: ಬಿಲ್ಲು ಹುಡುಕುವುದು ಒಂದು, ಪಾವತಿ ಹುಡುಕುವುದು ಒಂದು, ಎರಡನ್ನೂ ಜೋಡಿಸುವುದು ಒಂದು, ಬಾಕಿದಾರರಿಗೆ ನೋಟಿಸು ಕಳಿಸುವುದು ಮತ್ತೊಂದು. ಯಾವ ಟೂಲನ್ನು ಯಾವಾಗ ಬಳಸಬೇಕು, ಅದು ಏನು ಉತ್ತರ ಕೊಡುತ್ತದೆ ಅಂತ ವಿವರಣೆ ಬರೆಯುವುದು ನನ್ನ ಕೆಲಸ.

ಹಿಂದೆ ಇಂಥ ವಿವರಣೆಯನ್ನು ಮನುಷ್ಯರು ಓದುತ್ತಿದ್ದರು. ಅರ್ಥವಾಗದಿದ್ದರೆ ಪಕ್ಕದವರನ್ನು ಕೇಳುತ್ತಿದ್ದರು. 2024ರ ನವೆಂಬರಿನಲ್ಲಿ ಬಂದ ಮಾಡೆಲ್ ಕಾಂಟೆಕ್ಸ್ಟ್ ಪ್ರೊಟೊಕಾಲ್‌ನಂಥ ಕಟ್ಟಳೆಗಳಲ್ಲಿ ಟೂಲಿನ ಹೆಸರು, ವಿವರಣೆ, ಅದಕ್ಕೆ ಕೊಡಬೇಕಾದ ಮಾಹಿತಿಯ ನಮೂನೆ, ಇವನ್ನೆಲ್ಲ ಮಾಡೆಲ್ಲೇ ಓದಿಕೊಂಡು ಯಾವುದನ್ನು ಎತ್ತಬೇಕು ಅಂತ ತೀರ್ಮಾನಿಸುತ್ತದೆ. ನಾನು ಬರೆದ ವಾಕ್ಯ ಅದಕ್ಕೆ ಅಪ್ಪಣೆಯಿದ್ದ ಹಾಗೆ.

ಒಂದು ಸಂಜೆ ಹೀಗೆ ಬರೆದೆ: 'ಹೊಂದುವ ಪಾವತಿ ಸಿಗದಿದ್ದರೆ ಈ ಟೂಲ್ ಬಾಕಿ ಎಂದು ಉತ್ತರಿಸುತ್ತದೆ.' ಬರೆದು ಟೀ ಕುಡಿಯಕ್ಕೆ ಹೋದೆ. ಊರಿಂದ ಅವ್ವ ಫೋನು ಮಾಡಿದಳು. ಕರೆಂಟು ಬಿಲ್ಲು ಕಟ್ಟಿ ಎಂಟು ದಿನವಾಗಿತ್ತು. 'ಫ್ಯೂಸು ಕೀಳಕ್ಕೆ ಬಂದವ್ರೆ ಕಣಪ್ಪಾ. ಕಟ್ಟಿವ್ನಿ ಅಂದ್ರೂ ನಂಬಕಿಲ್ಲ. ಕಂಪ್ಯೂಟ್ರಲ್ಲಿ ಬಾಕಿ ಅದೆ ಅಂತಾರೆ.'

ಕಟ್ಟಿದ್ದು ಪಕ್ಕದ ಮನೆ ಹುಡುಗನ ಫೋನಿನಿಂದ. ನಮ್ಮ ಕೇರಿಯಲ್ಲಿ ಓದಿದ ಒಬ್ಬನ ಫೋನಿನಿಂದ ಹತ್ತು ಮನೆಯ ಬಿಲ್ಲು ಹೋಗುತ್ತದೆ. ಬಿಲ್ಲಿನಲ್ಲಿರುವ ಹೆಸರೇ ಬೇರೆ, ದುಡ್ಡು ಕಳಿಸಿದವನ ಹೆಸರೇ ಬೇರೆ. ಯುಪಿಐನ 12 ಅಂಕಿಯ ಸಂಖ್ಯೆಯನ್ನು ಚೀಟಿಯಲ್ಲಿ ಬರೆಸಿಕೊಂಡು ಅವ್ವ ಮಾರನೇ ದಿನ ಕಚೇರಿಗೆ ಹೋದಳು. ದುಡ್ಡು ಅಲ್ಲೇ ಇತ್ತು. ಅವತ್ತಿನ ಕೂಲಿ ಹೋಯಿತು.

ಆಮೇಲೆ ನನ್ನ ವಾಕ್ಯವನ್ನು ಮತ್ತೆ ಓದಿದೆ. 'ಪಾವತಿ ಸಿಗಲಿಲ್ಲ' ಅನ್ನುವುದು ನಮ್ಮ ವಿಷಯ, ನಮ್ಮ ಹುಡುಕಾಟದ ವಿಷಯ. 'ಬಾಕಿ' ಅನ್ನುವುದು ಅವ್ವನ ವಿಷಯ. ಮೊದಲನೆಯದನ್ನು ಎರಡನೆಯದು ಅಂತ ಬರೆದಾಗ ನಮಗೆ ತಿಳಿಯದೆ ಇದ್ದದ್ದು ಅವಳ ತಪ್ಪಾಗಿಬಿಡುತ್ತದೆ. ಧಣಿಯ ಪುಸ್ತಕ ಮಾಡಿದ್ದೂ ಇದನ್ನೇ ಅಲ್ಲವೇ?

1976ರ ಜೀತ ಪದ್ಧತಿ ರದ್ದತಿ ಕಾಯ್ದೆಯ 15ನೇ ಸೆಕ್ಷನ್ ನೋಡಿ. ಇದು ಜೀತದ ಸಾಲ ಅಂತ ಜೀತಗಾರ ಹೇಳಿದರೆ, ಅಲ್ಲವೆಂದು ಸಾಬೀತು ಮಾಡುವ ಹೊಣೆ ಸಾಲ ಕೊಟ್ಟವನದು. ಯಾಕೆ? ಪುಸ್ತಕ ಇರುವುದು ಅವನ ಕೈಯಲ್ಲಿ. 2019ರ ಸೆಪ್ಟೆಂಬರಿನಲ್ಲಿ ರಿಸರ್ವ್ ಬ್ಯಾಂಕ್ ಹೊರಡಿಸಿದ ಸುತ್ತೋಲೆಯಲ್ಲೂ ಇದೇ ತಿಳಿವಳಿಕೆಯ ಸುಳಿವಿದೆ. ವಿಫಲವಾದ ಯುಪಿಐ ಪಾವತಿಯ ಹಣ ಗಡುವಿನೊಳಗೆ ವಾಪಸಾಗದಿದ್ದರೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು, ಅದೂ ಗ್ರಾಹಕ ದೂರು ಕೊಡಲಿ ಅಂತ ಕಾಯದೆ. ಪುಸ್ತಕ ಯಾರದೋ ಹೊಣೆಯೂ ಅವರದೇ ಆಗಬೇಕು.

ಗೆಳೆಯರು ಕೇಳುತ್ತಾರೆ: ಹೀಗೆ ಅನುಮಾನ ಬಂದಲ್ಲೆಲ್ಲ ನಿಂತರೆ, ನಿಜವಾಗಿ ಕಟ್ಟದವರೂ ತಪ್ಪಿಸಿಕೊಳ್ಳುವುದಿಲ್ಲವೇ? ನಿಜ, ಕೆಲವರಿಗೆ ನಾಲ್ಕು ದಿನ ಹೆಚ್ಚು ಬೆಳಕು ಸಿಗುತ್ತದೆ. ಆ ಹಣವನ್ನು ಮುಂದಿನ ವಾರ ವಸೂಲು ಮಾಡಬಹುದು. ಕಟ್ಟಿದವಳ ಮನೆ ಮುಂದೆ ಬೀದಿಯವರೆಲ್ಲ ನೋಡುವ ಹಾಗೆ ಫ್ಯೂಸು ಕಿತ್ತರೆ ಆ ಅವಮಾನವನ್ನು ಯಾವ ಖಾತೆಗೆ ಜಮಾ ಮಾಡುತ್ತೀರಿ? ಈ ಎರಡು ತಪ್ಪುಗಳ ತೂಕ ಒಂದೇ ಅಲ್ಲ.

ಇನ್ನೊಬ್ಬ ಹೇಳಿದ: 'ನೀನು ಬರೀ ಡಾಕ್ಯುಮೆಂಟೇಷನ್ ಬರಿಯೋನು, ತೀರ್ಮಾನ ನಿಂದಲ್ಲ.' ಧಣಿಯ ಪುಸ್ತಕ ಬರೆದ ಗುಮಾಸ್ತನೂ ಬರೀ ಬರೆದವನೇ. ಯಂತ್ರವನ್ನು ಬೈದು ನಾನು ಪಾರಾಗಲಾರೆ. ಆ ಪುಸ್ತಕ ಬರೆದದ್ದು ಮನುಷ್ಯನ ಕೈ, ಈ ವಿವರಣೆ ಬರೆಯುತ್ತಿರುವುದೂ ಮನುಷ್ಯನ ಕೈ. ನಮ್ಮ ಮನೆಯಲ್ಲಿ ಮೊದಲು ಅಕ್ಷರ ಕಲಿತ ಕೈ.

ವಾಕ್ಯ ತಿದ್ದಿದೆ. ಉತ್ತರ ಈಗ ಮೂರು: 'ಹೊಂದಿತು', 'ನಮಗೆ ಸಿಗಲಿಲ್ಲ', 'ಒಂದಕ್ಕಿಂತ ಹೆಚ್ಚು ಹೊಂದುತ್ತವೆ'. ಕೊನೆಯ ಎರಡರಲ್ಲಿ ನೋಟಿಸಿನ ಟೂಲನ್ನು ಕರೆಯಕೂಡದು. ಎಲ್ಲೆಲ್ಲಿ, ಯಾವ ತಾರೀಖಿನವರೆಗೆ ಹುಡುಕಿದೆ ಅಂತ ಬರೆದು ಒಬ್ಬ ಮನುಷ್ಯನ ಮುಂದಿಡಬೇಕು. ವಿವರಣೆ ಉದ್ದವಾಯಿತು, ಚಿಕ್ಕದು ಮಾಡು ಅಂದಿದ್ದಾರೆ. ಬೇರೆ ಕಡೆ ಚಿಕ್ಕದು ಮಾಡುತ್ತೇನೆ. 'ನಮಗೆ ಸಿಗಲಿಲ್ಲ' ಅನ್ನುವುದರಲ್ಲಿ 'ನಮಗೆ' ಅನ್ನುವ ಮಾತನ್ನು ಮಾತ್ರ ತೆಗೆಯುವುದಿಲ್ಲ.