ಅಳಲಿನ ಉರಿ

ಕನ್ನಡದಲ್ಲಿ ‘ಅಳಲು’ ಎಂದರೆ ದುಃಖ. ಆ ದುಃಖ ದನಿಯಾಗಿ ಹೊರಬಿದ್ದರೆ ಅದೂ ಅಳಲೇ. ಬೆಳೆ ಹೋದ ರೈತರು, ಮನೆ ಕಳೆದುಕೊಂಡವರು ಅಳಲು ತೋಡಿಕೊಂಡ ಸುದ್ದಿ ಪತ್ರಿಕೆಗಳಲ್ಲಿ ದಿನವೂ ಇರುತ್ತದೆ. ಪಕ್ಕದಲ್ಲೇ ‘ಅಳು’ ಎಂಬ ಕ್ರಿಯಾಪದವಿದೆ. ‘ಮಗು ಅಳಲು ತೊಡಗಿತು’ ಎನ್ನುವಾಗ ಎರಡರ ರೂಪವೂ ಒಂದೇ. ಹೀಗಾಗಿ ಅಳುವುದರಿಂದಲೇ ಅಳಲು ಹುಟ್ಟಿತೆಂದು ಯಾರಿಗಾದರೂ ತೋರುತ್ತದೆ. ದ್ರಾವಿಡ ಭಾಷೆಗಳ ನಿಘಂಟು ಮಾತ್ರ ಇವೆರಡನ್ನು ಬೇರೆ ಬೇರೆ ಮೂಲಗಳಡಿ ಇಡುತ್ತದೆ.

ಹಳಗನ್ನಡದಲ್ಲಿ ಈ ಪದ ‘ಅೞಲ್’. ಇದರಲ್ಲಿರುವ ೞ ಅಕ್ಷರಕ್ಕೆ ರಳ ಎಂದು ಹೆಸರು. 13ನೇ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ರಳ, ಕುಳ, ಕ್ಷಳಗಳನ್ನು ಬೇರ್ಪಡಿಸಿ ತೋರಿಸಿದ್ದಾನೆ. ಮುಂದೆ ರಳ ಬರವಣಿಗೆಯಿಂದಲೂ ಮರೆಯಾಗಿ ಅದರ ಜಾಗದಲ್ಲಿ ಳ ನಿಂತಿತು. ತಮಿಳು, ಮಲಯಾಳಗಳು ಆ ಅಕ್ಷರವನ್ನು ಇಂದಿಗೂ ಉಳಿಸಿಕೊಂಡಿರುವುದರಿಂದ ಪದದ ಹಾದಿ ಹಿಡಿಯುವುದು ಸುಲಭ. ತಮಿಳಿನಲ್ಲಿ ಅೞಲ್ ಎಂದರೆ ಬೆಂಕಿ, ಉರಿ. ಮಲಯಾಳದಲ್ಲಿ ಅದೇ ಪದಕ್ಕೆ ದುಃಖವೆಂಬ ಅರ್ಥವಿದೆ. ಕನ್ನಡದಲ್ಲಿ ಉರಿಯ ಅರ್ಥ ಮಾಸಿ ನೋವು ಮಾತ್ರ ಉಳಿದಿದೆ. ಅಳಲುವವನ ಕಣ್ಣು ಒದ್ದೆಯಾಗಿರಲೇಬೇಕೆಂದಿಲ್ಲ. ಒಳಗೆ ಏನೋ ಸುಡುತ್ತಿದೆ ಎಂಬುದು ಪದದ ಮೊದಲ ತಿಳಿವು.

ಸಂಸ್ಕೃತದ ‘ಶೋಕ’ವೂ ಹೀಗೆಯೇ ಬಂದದ್ದು. ಅದರ ಧಾತು ‘ಶುಚ್’. ವೇದದ ಭಾಷೆಯಲ್ಲಿ ಅದು ಉರಿಯುವುದನ್ನೂ ಹೊಳೆಯುವುದನ್ನೂ ಹೇಳುತ್ತದೆ. ಅಗ್ನಿಗೆ ಸಲ್ಲುವ ಮಾತು ಅದು. ‘ಶುಚಿ’ಯೂ ಅದೇ ಧಾತುವಿನಿಂದ ಬಂದಿದೆ. ಹಾಗೆ ನೋಡಿದರೆ ಶೋಕವೂ ಶುಚಿಯೂ ಒಡಹುಟ್ಟಿದ ಪದಗಳು. ಸಂತಾಪ, ಪರಿತಾಪಗಳಲ್ಲಿ ಇರುವುದೂ ತಾಪವೇ. ಕನ್ನಡದ್ದೇ ಆದ ‘ಬೇಗುದಿ’ಯಲ್ಲಿ ಬೇಯುವುದು, ಕುದಿಯುವುದು ಎರಡೂ ಸೇರಿವೆ. ಶಿವಮೊಗ್ಗ, ಸೋಗಾನೆ, ಭದ್ರಾವತಿ ಕಡೆಯ ಮನೆಮಾತಿನಲ್ಲಿ ‘ಅಳಲು’ ಅಪರೂಪ, ಅದು ಬರವಣಿಗೆಯ ಪದ. ಆದರೆ ಹೊಟ್ಟೆ ಉರಿಯಿತು, ಕರುಳು ಬೆಂದುಹೋಯಿತು ಎಂದು ಅಲ್ಲಿನ ಜನ ಹೇಳುವಾಗ ಪದ ಬಿಟ್ಟುಹೋದ ಹಳೆಯ ಅರ್ಥವನ್ನೇ ಮತ್ತೆ ಆಡುತ್ತಾರೆ.

ದುಃಖ ಬೆಂಕಿಯಾದರೆ ಅದನ್ನು ಆರಿಸಬೇಕೋ, ಉರಿಯಲು ಬಿಡಬೇಕೋ? ಧರ್ಮಗ್ರಂಥಗಳಲ್ಲಿ ಹೆಚ್ಚಿನವು ಆರಿಸುವ ಪರ. ಛಾಂದೋಗ್ಯ ಉಪನಿಷತ್ತಿನ ಏಳನೇ ಅಧ್ಯಾಯದಲ್ಲಿ ನಾರದ ತಾನು ಕಲಿತ ವಿದ್ಯೆಗಳನ್ನೆಲ್ಲ ಪಟ್ಟಿಮಾಡಿ, ಇಷ್ಟಿದ್ದೂ ಶೋಕದಲ್ಲಿದ್ದೇನೆ, ದಾಟಿಸು ಎಂದು ಸನತ್ಕುಮಾರನ ಮುಂದೆ ಕೂರುತ್ತಾನೆ. ಗೀತೆಯಲ್ಲಿ ಕೃಷ್ಣನ ಬೋಧೆ ಶುರುವಾಗುವುದು ಎರಡನೇ ಅಧ್ಯಾಯದ ಹನ್ನೊಂದನೇ ಶ್ಲೋಕದಲ್ಲಿ. ಅದು ಮುಗಿಯುವ ಹೊತ್ತಿಗೆ ಬರುವ, ಶೋಕಿಸಬೇಡ ಎಂಬ ಅಭಯ ಹದಿನೆಂಟನೇ ಅಧ್ಯಾಯದ ಅರವತ್ತಾರನೆಯದರಲ್ಲಿ. ಎರಡರಲ್ಲೂ ಇರುವುದು ಶುಚ್ ಧಾತುವೇ.

ಬೌದ್ಧರು ಇನ್ನೂ ಸೂಕ್ಷ್ಮವಾಗಿ ನೋಡಿದರು. ಐದನೇ ಶತಮಾನದ ಬುದ್ಧಘೋಷ ವಿಸುದ್ಧಿಮಗ್ಗದಲ್ಲಿ ಅಡುಗೆಯ ಹೋಲಿಕೆಯೊಂದನ್ನು ಕೊಡುತ್ತಾನೆ. ಸಣ್ಣ ಉರಿಯಲ್ಲಿ ಪಾತ್ರೆಯೊಳಗೇ ಕಾಯುವ ಎಣ್ಣೆಯಂಥದು ಶೋಕ. ಉರಿ ಜೋರಾಗಿ ಉಕ್ಕಿ ಹೊರಚೆಲ್ಲಿದರೆ ಅದು ಪರಿದೇವ, ಅಂದರೆ ದನಿಗೂಡಿದ ಪ್ರಲಾಪ. ಉಕ್ಕಲೂ ಆಗದೆ ಒಳಗೇ ಬತ್ತಿಹೋಗುವುದು ಮೂರನೆಯದು, ಉಪಾಯಾಸ. ಕನ್ನಡದ ಅಳಲು ಈ ಮೂರರಲ್ಲಿ ಮೊದಲೆರಡನ್ನು ಒಂದೇ ಪದದಲ್ಲಿ ಹಿಡಿದಿದೆ. ಇದನ್ನು ಭಾಷೆಯ ಬಡತನ ಎನ್ನುವಂತಿಲ್ಲ. ಒಳಗಿನ ಕಾವಿಗೂ ಹೊರಗಿನ ದನಿಗೂ ನಡುವೆ ಗೆರೆ ಎಳೆಯುವುದು ನೊಂದವರಿಗೆ ಬೇಕಾದ ಕೆಲಸವಲ್ಲ.

ಧರ್ಮಶಾಸ್ತ್ರ ದನಿಯನ್ನೇ ತಡೆಯಲು ನೋಡಿತು. ಬಂಧುಗಳು ಸುರಿಸುವ ಕಣ್ಣೀರು, ಸಿಂಬಳವನ್ನು ಪ್ರೇತ ಬೇಡವೆಂದರೂ ಉಣ್ಣಬೇಕಾಗುತ್ತದೆ, ಆದ್ದರಿಂದ ಅಳದೆ ಕ್ರಿಯೆಗಳನ್ನು ಶಕ್ತಿಯಿದ್ದಂತೆ ಮಾಡಿ ಎಂದು ಯಾಜ್ಞವಲ್ಕ್ಯ ಸ್ಮೃತಿ ಹೇಳುತ್ತದೆ. ಈ ಸ್ಮೃತಿಗೆ ಮಿತಾಕ್ಷರವೆಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದವನು. ಊರುಗಳಲ್ಲಿ ನಡೆದುಬಂದದ್ದು ಬೇರೆ. ಸಾವಿನ ಮನೆಯಲ್ಲಿ ಹೆಂಗಸರು ಸತ್ತವರನ್ನು ಅಪ್ಪಾ, ಅಣ್ಣಾ, ಮಗಾ ಎಂದು ಕರೆದು, ಅವರ ಗುಣಗಳನ್ನು ಎತ್ತಿ ಆಡಿ, ಹಾಡಿಕೊಂಡು ಅಳುತ್ತಾರೆ. ಅಲ್ಲಿ ಅಳದಿರುವುದೇ ತಪ್ಪು. ಸ್ಮೃತಿಯ ಕಟ್ಟಳೆಗಿಂತ ಈ ಹೆಂಗಸರಿಗೆ ದುಃಖದ ಸ್ವಭಾವ ಚೆನ್ನಾಗಿ ಗೊತ್ತಿತ್ತು ಎಂದೇ ಹೇಳಬೇಕು.

ಉರಿಯನ್ನು ಆರಿಸದೆ ಅದನ್ನೇ ದಾರಿ ಮಾಡಿಕೊಂಡವಳು 12ನೇ ಶತಮಾನದ ಅಕ್ಕಮಹಾದೇವಿ. ಅವಳ ಊರು ಉಡುತಡಿ ಇರುವುದು ಇದೇ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನಲ್ಲಿ. ಮುಂದೆ ಕಲ್ಯಾಣದಲ್ಲಿ ಅವಳನ್ನು ಪರೀಕ್ಷಿಸಿದ ಅಲ್ಲಮಪ್ರಭುವಿನ ಊರು ಬಳ್ಳಿಗಾವಿಯೂ ಅದೇ ತಾಲ್ಲೂಕಿನದು. ಚೆನ್ನಮಲ್ಲಿಕಾರ್ಜುನನಿಂದ ಅಗಲಿದ ನೋವನ್ನು ಅಕ್ಕ ಮತ್ತೆ ಮತ್ತೆ ಬೇಗೆಯ ಮಾತಿನಲ್ಲೇ ಹೇಳುತ್ತಾಳೆ. ಹಕ್ಕಿಗಳನ್ನು, ದುಂಬಿಗಳನ್ನು ಅವನನ್ನು ಕಂಡಿರಾ ಎಂದು ಕೇಳುತ್ತಾಳೆ. ನಾರದ ದಾಟಲು ಬಯಸಿದ್ದನ್ನು ಅವಳು ದಾಟಲು ಹೊರಡುವುದಿಲ್ಲ. ಅವಳಲ್ಲಿ ಅಳಲು ಅಜ್ಞಾನದ ಗುರುತಲ್ಲ. ಲೋಕದ ಅಂಟನ್ನು ಸುಟ್ಟು ಶ್ರೀಶೈಲದ ಕದಳಿಯವರೆಗೆ ಅವಳನ್ನು ನಡೆಸಿದ್ದು ಅದೇ. ಶೋಕಕ್ಕೂ ಶುಚಿಗೂ ಧಾತು ಒಂದೇ ಎಂದು ವ್ಯಾಕರಣ ಹೇಳುವುದನ್ನು ಅವಳ ಬದುಕು ಕನ್ನಡದಲ್ಲಿ ತೋರಿಸಿತು.

ಅದೇ ಜಿಲ್ಲೆಯ ಕುವೆಂಪು ಆರಿಸಬೇಕೋ, ಉರಿಯಲು ಬಿಡಬೇಕೋ ಎಂಬ ಪ್ರಶ್ನೆಯನ್ನು 20ನೇ ಶತಮಾನಕ್ಕೆ ತಂದರು. ಅವರ ‘ಸ್ಮಶಾನ ಕುರುಕ್ಷೇತ್ರಂ’ ನಾಟಕ ಯುದ್ಧ ಮುಗಿದ ಮೇಲಿನ ರಣರಂಗದಲ್ಲಿ ನಡೆಯುತ್ತದೆ. ಶೋಕಿಸಬೇಡ ಎಂಬ ಬೋಧೆ ಕೇಳಿದ್ದ ಅದೇ ನೆಲದಲ್ಲಿ, ಸತ್ತವರನ್ನು ಹುಡುಕಿ ಬಂದವರ ಅಳಲು ಅಲ್ಲಿ ಕೇಳಿಸುತ್ತದೆ.