ಕುಯ್ಯದ ಕತ್ತಿ

ಹೋದ ಸಂಕ್ರಾಂತಿ ಮುಗಿದ ಮೇಲೆ ಅಪ್ಪ ನಾಲ್ಕು ದಿನ ನಮ್ಮ ಫ್ಲ್ಯಾಟಿಗೆ ಬಂದಿದ್ದರು. ಹಾಲ್‌ನಲ್ಲಿ ಟಿವಿ ಪಕ್ಕ ಮರದ ಸ್ಟ್ಯಾಂಡಿನ ಮೇಲೆ ನಾನೊಂದು ಜಪಾನಿ ಗಿಡ್ಡ ಕತ್ತಿ ಇಟ್ಟಿದ್ದೇನೆ. ಮಿರಮಿರ ಮಿಂಚುವ ಕಪ್ಪು ಒರೆ, ಹಿಡಿಯ ಮೇಲೆ ಅಡ್ಡಡ್ಡ ಸುತ್ತಿದ ಕಪ್ಪು ಪಟ್ಟಿ. ದೀಪಾವಳಿ ಸೇಲ್‌ನಲ್ಲಿ ಎರಡೂವರೆ ಸಾವಿರಕ್ಕೆ ಆನ್‌ಲೈನ್‌ನಲ್ಲಿ ತರಿಸಿದ್ದು. ಅಪ್ಪ ಅದನ್ನು ಒರೆಯಿಂದ ಎಳೆದು, ಊರಲ್ಲಿ ಕುಡ್ಲು ನೋಡುವ ಹಾಗೆಯೇ ಹೆಬ್ಬೆರಳನ್ನು ಬಾಯಿಗೆ ಅಡ್ಡಲಾಗಿ ಸವರಿದರು.

"ಇದ್ರಲ್ಲಿ ಏನ್ ಕುಯ್ತೀಯ ಮಗ?"

"ಏನೂ ಇಲ್ಲಪ್ಪ, ಶೋಗೆ."

"ಮತ್ತೆ ಕತ್ತಿ ಥರ ಯಾಕ್ ಮಾಡವ್ರೆ?"

ನಕ್ಕು ಸುಮ್ಮನಾದೆ. ಆದರೆ ಆ ಪ್ರಶ್ನೆ ಕ್ಲೋಸ್ ಆಗದ ಬಗ್ ಥರ ತಲೆಯಲ್ಲಿ ಉಳಿದುಬಿಟ್ಟಿತು.

ಇಂಥ ಕತ್ತಿಯ ಹೆಸರು ವಾಕಿಜಾಶಿ. ಅಲಗು ಸುಮಾರು 30ರಿಂದ 60 ಸೆಂಟಿಮೀಟರ್. ಸಮುರಾಯ್‌ಗಳು ಉದ್ದನೆಯ ಕಟಾನದ ಜೊತೆ ಇದನ್ನೂ ಸೊಂಟಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದರು. ಬೇರೆಯವರ ಮನೆಗೆ ಹೋದರೆ ಉದ್ದದ್ದನ್ನು ತೆಗೆದಿಡಬೇಕು, ಗಿಡ್ಡದ್ದು ಮೈಮೇಲೇ ಇರಬಹುದು.

ಅಸಲಿ ಕತ್ತಿ ಮಾಡುವಾಗ ಅಲಗಿಗೆ ಜೇಡಿಮಣ್ಣಿನ ಲೇಪ ಹಚ್ಚುತ್ತಾರೆ, ಬೆನ್ನಿನ ಕಡೆ ದಪ್ಪ, ಬಾಯಿಯ ಕಡೆ ತೆಳು. ಕಾಸಿ ನೀರಿಗೆ ಅದ್ದಿದಾಗ ಬಾಯಿ ಬೇಗ ತಣಿದು ಗಡುಸಾಗುತ್ತದೆ. ಬೆನ್ನು ನಿಧಾನಕ್ಕೆ ತಣಿದು, ಪೆಟ್ಟು ತಾಳುವಷ್ಟು ಮೆದುವಾಗಿ ಉಳಿಯುತ್ತದೆ. ಎರಡೂ ಸೇರುವ ಕಡೆ ಮೋಡದಂಥ ಒಂದು ಗೆರೆ ಮೂಡುತ್ತದೆ, ಅದೇ ಹಾಮೊನ್. ನನ್ನ ಕತ್ತಿಯಲ್ಲೂ ಆ ಗೆರೆ ಇದೆ, ಆದರೆ ಅದು ಮೇಲೆ ಬರೆದಿದ್ದು. ಅಸಲಿಯಲ್ಲಿ ಕಮ್ಮಾರ ತನ್ನ ಹೆಸರು ಕೆತ್ತುವುದು ಹಿಡಿಯೊಳಗೆ ಮುಚ್ಚಿಹೋಗುವ ಭಾಗದ ಮೇಲೆ. ಬಿದಿರಿನ ಪುಟ್ಟ ಗೂಟ ತೆಗೆದು ಹಿಡಿ ಕಳಚಿದರೆ ಮಾತ್ರ ಕಾಣುತ್ತದೆ. ಅಲ್ಲಿನ ತುಕ್ಕನ್ನು ಬಲ್ಲವರು ಉಜ್ಜುವುದಿಲ್ಲ. ಕತ್ತಿಯ ವಯಸ್ಸು ಅಂದಾಜು ಮಾಡೋಕೆ ಆ ತುಕ್ಕೂ ಬೇಕು. ಕುತೂಹಲಕ್ಕೆ ನನ್ನದರ ಹಿಡಿಯನ್ನೂ ಬಿಚ್ಚಿ ನೋಡಿದೆ. ಸಿಕ್ಕಿದ್ದು ಒಂದು ಬೋಲ್ಟು.

ಸರಿ, ಕುಯ್ಯೋದು ಅಸಲಿ, ಕುಯ್ಯದ್ದು ನಕಲಿ, ವಿಷಯ ಮುಗೀತು ಅಂದುಕೊಂಡೆ. ಆದರೆ ಜಪಾನಿನ ಚರಿತ್ರೆ ನೋಡಿದರೆ ಈ ಲಾಜಿಕ್ ನಿಲ್ಲಲ್ಲ. 1603ರಿಂದ 1868ರವರೆಗಿನ ತೊಕುಗವಾ ಆಳ್ವಿಕೆಯಲ್ಲಿ ಮೊದಲ ಕೆಲವು ದಶಕ ಮತ್ತು ಕೊನೆಯ ಕೆಲವು ವರ್ಷ ಬಿಟ್ಟರೆ ದೊಡ್ಡ ಯುದ್ಧಗಳೇ ಇರಲಿಲ್ಲ. ಯೋಧರಾಗಿದ್ದ ಸಮುರಾಯ್‌ಗಳಲ್ಲಿ ಎಷ್ಟೋ ಜನ ಲೆಕ್ಕ ಬರೆಯುವ, ಕಡತ ನೋಡುವ ನೌಕರರಾದರು. ಹೆಚ್ಚುಕಮ್ಮಿ ನಮ್ಮ ಥರಾನೇ. ನಮಗೆ ಕೊರಳಲ್ಲಿ ಐಡಿ ಕಾರ್ಡ್, ಅವರಿಗೆ ಸೊಂಟದಲ್ಲಿ ಕತ್ತಿ. 1876ರಲ್ಲಿ ಸರ್ಕಾರ ಸಾಮಾನ್ಯವಾಗಿ ಕತ್ತಿ ಧರಿಸುವುದನ್ನೇ ನಿಷೇಧಿಸಿತು. ಇವತ್ತು ಅಲ್ಲಿ ಹಳೆಯ ಕತ್ತಿಯೊಂದು ಮನೆಯಲ್ಲಿ ಇರಬೇಕಾದರೆ ಅದು ಕಲಾವಸ್ತು ಅಂತ ನೋಂದಣಿಯಾಗಿರಬೇಕು. ಅಂದರೆ ಜೀವಮಾನದಲ್ಲಿ ಏನನ್ನೂ ಕುಯ್ಯದ ಅಸಲಿ ಕತ್ತಿಗಳು ಬೇಕಾದಷ್ಟಿವೆ. ಅವನ್ನು ಯಾರೂ ಸುಳ್ಳು ಅನ್ನುವುದಿಲ್ಲ.

ಹಾಗಾದರೆ ಸುಳ್ಳು ಇರೋದು ಎಲ್ಲಿ?

ಈ ಯೋಚನೆಯಲ್ಲಿದ್ದಾಗಲೇ ಮಸಾಕಿ ಕೊಬಯಾಶಿಯ 1962ರ ಸಿನಿಮಾ 'ಹರಾಕಿರಿ' ನೋಡಿದೆ. ಕಥೆ ನಡೆಯೋದು 1630ರಲ್ಲಿ. ಯುದ್ಧ ನಿಂತು, ಎಷ್ಟೋ ಒಡೆಯರ ಮನೆತನಗಳು ಮುಳುಗಿ, ಸಮುರಾಯ್‌ಗಳು ಕೆಲಸವಿಲ್ಲದೆ ಅಲೆಯುತ್ತಿರುತ್ತಾರೆ. ಒಬ್ಬ ಹುಡುಗ ದೊಡ್ಡ ಮನೆತನವೊಂದರ ಬಾಗಿಲಿಗೆ ಬಂದು, ನಿಮ್ಮ ಅಂಗಳದಲ್ಲಿ ಮರ್ಯಾದೆಯಿಂದ ಹೊಟ್ಟೆ ಬಗೆದುಕೊಂಡು ಸಾಯುತ್ತೇನೆ, ಅವಕಾಶ ಕೊಡಿ ಅನ್ನುತ್ತಾನೆ. ಹಾಗೆ ಬಂದವರಿಗೆ ನಾಲ್ಕು ಕಾಸು ಕೊಟ್ಟು ಕಳಿಸಿದ್ದುಂಟು. ಅವನ ಆಸೆಯೂ ಅಷ್ಟೇ. ಆ ಮನೆಯವರು ಮಾತ್ರ ಇವನಿಗೆ ಪಾಠ ಕಲಿಸೋಣ ಅಂತ ತೀರ್ಮಾನಿಸುತ್ತಾರೆ. ನೋಡಿದರೆ ಅವನ ಒರೆಗಳಲ್ಲಿ ಇರೋದು ಬಿದಿರಿನ ಅಲಗು. ಉಕ್ಕಿನದ್ದನ್ನು ಹೆಂಡತಿ ಮಗುವಿಗಾಗಿ ಯಾವಾಗಲೋ ಮಾರಿಕೊಂಡಿದ್ದಾನೆ. ಆ ಬಿದಿರಿನ ಗಿಡ್ಡ ಕತ್ತಿಯಿಂದಲೇ ಅವನು ಹೊಟ್ಟೆ ಬಗೆದುಕೊಳ್ಳಬೇಕಾಗುತ್ತದೆ. ಆ ದೃಶ್ಯದಲ್ಲಿ ಎರಡು ಸಲ ಪಾಸ್ ಮಾಡಿ ಎದ್ದು ಹೋದೆ.

ಅದೇ ಮನೆಯೊಳಗೆ ಪೂರ್ವಿಕರ ಖಾಲಿ ಕವಚವೊಂದನ್ನು ಕೂರಿಸಿ ಗೌರವಿಸುತ್ತಿರುತ್ತಾರೆ. ಹುಡುಗನಿಗೆ ಮರ್ಯಾದೆಯ ಪಾಠ ಹೇಳಿದ ಮೂವರು ವೀರರು ಮುಂದೆ ತಮ್ಮ ಮರ್ಯಾದೆ ಹೋದಾಗ ಕಾಯಿಲೆ ಅಂತ ಸುಳ್ಳು ಹೇಳಿ ಮನೆಯಲ್ಲಿ ಅಡಗುತ್ತಾರೆ. ಅವರ ಕತ್ತಿಗಳು ಮಾತ್ರ ಅಪ್ಪಟ ಉಕ್ಕಿನವು.

ಸಿನಿಮಾ ಮುಗಿದ ಮೇಲೆ ನೆನಪಾಗಿದ್ದು ನಮ್ಮ ಕೊಟ್ಟಿಗೆಯ ನೊಗ. ನಾನು ಬಿಇ ಸೇರಿದ ವರ್ಷ ಫೀಸಿಗೆ ಅಂತ ಅಪ್ಪ ಜೋಡಿ ಎತ್ತು ಮಾರಿದರು. ನೊಗ ಗೋಡೆ ಮೇಲೆ ಹಾಗೇ ನೇತಾಡುತ್ತಿತ್ತು. ಯಾರಾದರೂ ಕೇಳಿದರೆ "ಸುಗ್ಗಿ ಮುಗೀಲಿ, ಹೊಸ ಜೋಡಿ ತರ್ತೀನಿ" ಅನ್ನೋರು. ನಾಲ್ಕು ಸುಗ್ಗಿ ಇದೇ ಮಾತು. ರಜೆಗೆ ಊರಿಗೆ ಹೋದಾಗ ನನಗೆ ಅವಮಾನ ಆಗ್ತಿತ್ತು, ಇಲ್ಲ ಅಂತ ಹೇಳೋಕೆ ಏನು ಕಷ್ಟ ಅನ್ನಿಸ್ತಿತ್ತು. ಉಳೋಕೆ ಪಕ್ಕದವರ ಎತ್ತು ಕೇಳೋಕೆ ಹೋಗಿ ಅದೇ ಸುಳ್ಳಿಗೆ ತಲೆ ತಗ್ಗಿಸಿ ನಿಲ್ಲುತ್ತಿದ್ದವರು ಅವರೇ. ಆ ಸುಳ್ಳಿನ ಲಾಭ ಪೂರ್ತಿ ನನಗೆ.

ಕಷ್ಟದಲ್ಲಿರೋರು ಹೇಳಿದ ಸುಳ್ಳೆಲ್ಲ ನಿಜವಾಗಿಬಿಡುತ್ತೆ ಅಂತ ನಾನು ಹೇಳ್ತಿಲ್ಲ. ಆದರೆ ತೋರಿಕೆಗಳೆಲ್ಲ ಒಂದೇ ತೂಕದವಲ್ಲ. ಬಿದಿರಿನ ಅಲಗು, ಖಾಲಿ ನೊಗ ಇವೆರಡೂ ಇನ್ನೊಬ್ಬರಿಗಾಗಿ ಕಳಕೊಂಡಿದ್ದನ್ನು ಮುಚ್ಚಿಡುತ್ತವೆ. ನನ್ನದು ಉಲ್ಟಾ. ನಾನು ಪಡದ ಪಾಡನ್ನು ಪಟ್ಟ ಹಾಗೆ ತೋರಿಸುತ್ತದೆ. ಕತ್ತಿ ಮಾರಿದವನು ಮೋಸ ಮಾಡಿಲ್ಲ, ಡಬ್ಬದ ಮೇಲೆ 'ಅಲಂಕಾರಕ್ಕೆ ಮಾತ್ರ' ಅಂತ ಅಚ್ಚು ಹಾಕಿಸಿದ್ದ. ಡಬ್ಬ ಬಿಸಾಕಿದ್ದು ನಾನು. ಊಟಕ್ಕೆ ಬಂದ ಟೀಮ್‌ಮೇಟ್ ಒಬ್ಬ "ಒರಿಜಿನಲ್ಲಾ ಗುರು?" ಅಂದಾಗ ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. ಸುಮ್ಮನೆ ಮುಗುಳ್ನಕ್ಕೆ.

ಕತ್ತಿ ಹೋಗಲಿ, ನನ್ನ ಹಳ್ಳಿಯನ್ನೂ ಹೀಗೇ ಸ್ಟ್ಯಾಂಡಿನ ಮೇಲೆ ಇಟ್ಟಿದ್ದೇನೆ. ಆಫೀಸಿನಲ್ಲಿ ಯಾರಾದರೂ ಕೆಲಸ ಜಾಸ್ತಿ ಅಂತ ಗೊಣಗಿದರೆ, "ನಾವು ರೈತರ ಮಕ್ಕಳು ಕಣ್ರೀ, ಇದೆಲ್ಲ ಏನ್ ಕಷ್ಟ" ಅಂತೀನಿ. ಪಿಯುಸಿಗೆ ಹಾಸ್ಟೆಲ್ ಸೇರಿದ ಮೇಲೆ ಗದ್ದೆಗೆ ಇಳಿದಿದ್ದು ಫೋಟೋ ತೆಗೆಸಿಕೊಳ್ಳೋಕೆ. ಮೇಲೆ ಹಾಮೊನ್ ಗೆರೆ ಇದೆ, ಒಳಗೆ ಬೋಲ್ಟು.

ಕತ್ತಿ ಈಗಲೂ ಅಲ್ಲೇ ಇದೆ. ನೋಡೋಕೆ ಚೆಂದ, ಅದರಲ್ಲಿ ತಪ್ಪೇನಿಲ್ಲ. ಯಾರಾದರೂ ಕೇಳಿದರೆ "ಶೋ ಪೀಸು, ಎರಡೂವರೆ ಸಾವಿರ" ಅಂತ ಮೊದಲೇ ಹೇಳಿಬಿಡುತ್ತೇನೆ.

ಆದರೂ ಬುದ್ಧಿ ಎಲ್ಲಿ ಹೋಗುತ್ತೆ? ಹೋದ ವಾರ ಫೋನ್ ಮಾಡಿ, "ಅಪ್ಪ, ಆ ನೊಗ ಇದ್ರೆ ಮುಂದಿನ ಸಲ ತಗೊಂಬಾ, ಹಾಲ್‌ನಲ್ಲಿ ಹಾಕ್ತೀನಿ" ಅಂದೆ.

"ಅಲ್ಲಿ ಯಾರ್ ಉಳ್ತಾರ್ಲಾ?" ಅಂದರು ಅಪ್ಪ.

ಬೇಡ ಬಿಡಪ್ಪ, ಅಲ್ಲೇ ಇರಲಿ ಅಂದೆ.