ತೂಕವಷ್ಟೇ ಉಳಿಯುವುದೇ?

ಅಜೆಕಾರಿನಂಥ ಊರಿನಲ್ಲಿ ಮರಣದ ಗಂಟೆ ಕೇಳಿದರೆ ಗದ್ದೆಯಲ್ಲಿರುವವರೂ ತಲೆಯೆತ್ತಿ, "ಯಾರು ಹೋದದ್ದಂತೆ?" ಎಂದು ವಿಚಾರಿಸುತ್ತಾರೆ. ಗಂಟೆಯ ಸ್ವರ ಅದರ ಗಾತ್ರಕ್ಕೂ ಲೋಹಕ್ಕೂ ಸೇರಿದ್ದು. ಸತ್ತವರ ಹೆಸರನ್ನು ಅದು ಹೇಳದು.

ಬೆಳಕನ್ನೂ ಹೊರಬಿಡದ ಕಪ್ಪುಕುಳಿಗಳ ಸ್ವಭಾವವೂ ಇಂಥದ್ದೇ ಎಂದು ತೋರಿಸಿಕೊಟ್ಟವರಲ್ಲಿ ಪ್ರಮುಖರು ಬೆಂಗಳೂರಿನ ಸಿ. ವಿ. ವಿಶ್ವೇಶ್ವರ. ಗುರುತ್ವದ ಅಲೆ ಬಡಿದರೆ ಕಪ್ಪುಕುಳಿ ಗಂಟೆಯಂತೆ ಮಿಡಿದು ಬೇಗನೆ ಶಾಂತವಾಗುತ್ತದೆ ಎಂದು ಅವರು 1970ರಲ್ಲಿ ಲೆಕ್ಕ ಹಾಕಿ ತೋರಿಸಿದರು. ತಿರುಗದ ಕುಳಿಯ ಸುತ್ತಲಿನ ದೇಶಕಾಲ ಎಲ್ಲ ದಿಕ್ಕಿಗೂ ಒಂದೇ ಸಮ, ನಿನ್ನೆಗೂ ನಾಳೆಗೂ ಒಂದೇ ಸಮ. ಈ ಸಮರೂಪತೆಯಲ್ಲಿ ಬೇರೆ ಗುರುತಿಗೆ ಎಡೆಯಿಲ್ಲದ ಕಾರಣ ಮಿಡಿತದ ಸ್ವರವನ್ನು ಕುಳಿಯ ತೂಕವೊಂದೇ ನಿರ್ಧರಿಸುತ್ತದೆ. ಕುಳಿ ತಿರುಗುತ್ತಿದ್ದರೆ ಸಮರೂಪತೆ ಅಕ್ಷದ ಸುತ್ತ ಮಾತ್ರ ಉಳಿಯುತ್ತದೆ; ಆಗ ತಿರುಗುವ ವೇಗವೂ ಲೆಕ್ಕಕ್ಕೆ ಬರುತ್ತದೆ. 2015ರ ಸೆಪ್ಟೆಂಬರ್ 14ರಂದು ಎರಡು ಕಪ್ಪುಕುಳಿಗಳು ಕೂಡಿಕೊಂಡ ಅಲೆಗಳು ಮೊದಲ ಬಾರಿಗೆ ಉಪಕರಣಗಳಿಗೆ ಸಿಕ್ಕಿದವು. 2017ರಲ್ಲಿ ತೀರಿಕೊಂಡ ವಿಶ್ವೇಶ್ವರರಿಗೆ ಆ ಸುದ್ದಿ ಕೇಳುವ ಭಾಗ್ಯವಿತ್ತು.

1974ರಲ್ಲಿ ಸ್ಟೀಫನ್ ಹಾಕಿಂಗ್, ಕಪ್ಪುಕುಳಿಯಿಂದ ಅತಿ ಕ್ಷೀಣವಾದ ಶಾಖವೂ ಹೊರಡುತ್ತದೆಂದು ಲೆಕ್ಕ ತೋರಿಸಿದರು. ಒಳಗೆ ಬಿದ್ದದ್ದು ಚಿನ್ನವೋ ಬೈಹುಲ್ಲೋ ಎಂಬುದರ ಗುರುತು ಅದರಲ್ಲೂ ಇಲ್ಲ. ಹಾಗಾದರೆ ಬಿದ್ದದ್ದರ ವಿವರವೆಲ್ಲ ಶಾಶ್ವತವಾಗಿ ಅಳಿಯಿತೇ? ಸುಮಾರು ಮೂವತ್ತು ವರ್ಷ 'ಹೌದು' ಎಂದ ಹಾಕಿಂಗ್ 2004ರಲ್ಲಿ 'ಇಲ್ಲ' ಎಂದರು. ಅದು ಉಳಿಯುವ ಬಗೆ ಹೇಗೆಂಬ ಚರ್ಚೆ ಇಂದಿಗೂ ಮುಗಿದಿಲ್ಲ.

ಇದನ್ನು ಆತ್ಮದ ಅಮರತ್ವಕ್ಕೆ ಪುರಾವೆಯೆಂದು ಪ್ರಸಂಗದಲ್ಲಿ ಹೇಳುವ ಆಸೆ ಕೆಲವರಿಗೆ ಬಂದೀತು. ಬೇಡ. ವಿಶ್ವದ ಹಿಗ್ಗುವಿಕೆಯನ್ನು ಲೆಕ್ಕಿಸಿದ ಗುರು ಜಾರ್ಜ್ ಲೆಮೈತ್ರ್ ಅವರಿಗೂ ತಮ್ಮ ಭೌತವಿಜ್ಞಾನವನ್ನು ವಿಶ್ವಾಸಕ್ಕೆ ಊರುಗೋಲು ಮಾಡುವುದು ಹಿಡಿಸುತ್ತಿರಲಿಲ್ಲ.

ನನ್ನನ್ನು ಕಾಡುವುದು ಬೇರೆಯೇ ಪ್ರಶ್ನೆ. ಕಪ್ಪುಕುಳಿ ತೂಕವನ್ನಷ್ಟೇ ತೋರಿಸುವುದು ಅದರ ನಿಯಮ; ಅದಕ್ಕೆ ಆಯ್ಕೆಯಿಲ್ಲ. ನಮಗಿದೆಯಲ್ಲ? ತಿಂಗಳ ಪೂಜೆ ಮುಗಿಯುವ ಮೊದಲೇ ಮನೆಯಲ್ಲಿ ಬರುವ ಮಾತು ಯಾವುದು? ಅಜ್ಜ ಬಿಟ್ಟುಹೋದ ಜಾಗ ಎಷ್ಟು ಸೆಂಟ್ಸ್, ಬ್ಯಾಂಕಿನಲ್ಲಿ ಎಷ್ಟಿದೆ, ಸಾಲ ಯಾರ ತಲೆಗೆ. ಅವರು ಯಾರೊಡನೆ ಮುನಿದು ಮತ್ತೆ ರಾಜಿಯಾದರು, ಜಪಸರ ಹಿಡಿದು ಯಾರಿಗಾಗಿ ಬೇಡುತ್ತಿದ್ದರು ಎಂಬುದು ಮೊಮ್ಮಕ್ಕಳಿಗೆ ಗೊತ್ತೇ ಇಲ್ಲ. ದೇವರು ಅದನ್ನು ಮರೆಯನೆಂಬುದು ನಮ್ಮ ವಿಶ್ವಾಸ. ಆದರೆ ಆ ಮಕ್ಕಳಿಗೆ ಅದನ್ನು ಹೇಳಬೇಕಾದವರು ಅಜ್ಜನ ಜೊತೆ ಬಾಳಿದ ನಾವೇ.